ಹಲವು ವಿಷಯ ಕೂಡಿಸಿ ಸಂಶೋಧನೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಹೊಸ ಸಂಶೋಧಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಣ, ಸಮಾಜ, ಒಕ್ಕಲುತನ, ಆರೋಗ್ಯ, ದುಡಿಮೆ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ಸಂಶೋಧನೆಗೆ ನಮ್ಮ ಭಾಗದಲ್ಲಿ ಬಹಳ ಜನ ಮುಂದೆ ಬರುತ್ತಿದ್ದಾರೆ. ಎಂ.ಎ. ಮುಗಿಸಿದವರು, ಬಿ.ಇಡಿ. ಓದುತ್ತಿರುವವರು, ಹಳ್ಳಿ ಶಾಲೆಯ ಮಾಸ್ತರರು, ಅಕ್ಕೋರು, ಡಿಗ್ರಿ ಕಾಲೇಜಿನ ಅತಿಥಿ ಉಪನ್ಯಾಸಕರು. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕೆಲವು ಉತ್ತರ ಉದ್ದ ಇವೆ. ಜನ ಜಾಸ್ತಿ ಎಡವುವುದು ಅಲ್ಲೇ.

ಬಹುಶಿಸ್ತೀಯ ಸಂಶೋಧನೆ ಅಂದರೆ ಸರಳವಾಗಿ ಏನು?

ಒಂದು ಪ್ರಶ್ನೆಗೆ ಒಂದೇ ವಿಭಾಗದವರಿಂದ ಉತ್ತರ ಸಿಗದಿದ್ದಾಗ, ಎರಡು ಮೂರು ವಿಭಾಗದವರು ಕೂಡಿ ಹುಡುಕುವುದು. ಇದಕ್ಕೆ ನಮ್ಮ ಊರಿನದೇ ಒಳ್ಳೆಯ ಉದಾಹರಣೆ ಇದೆ.

ಹುಬ್ಬಳ್ಳಿ-ಧಾರವಾಡದಲ್ಲಿ ನಳದ ನೀರು ಐದಾರು ದಿನಕ್ಕೊಮ್ಮೆ ಬರುತ್ತಿದ್ದ ಕಾಲ ಎಲ್ಲರಿಗೂ ನೆನಪಿದೆ. 2007-08ರ ಸುಮಾರಿಗೆ ಕೆಲವು ವಾರ್ಡ್‌ಗಳಿಗೆ ಮಾತ್ರ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಶುರುವಾಯಿತು. ಒಂದೇ ಊರು. ಈ ಓಣಿಯಲ್ಲಿ ಸದಾ ನೀರು, ಆ ಓಣಿಯಲ್ಲಿ ಬ್ಯಾರೆಲ್ ತುಂಬಿಸಿಡುವ ಗಡಿಬಿಡಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಹಿಡಿದುಕೊಂಡರು. ಸದಾ ನೀರು ಬರುವ 8 ವಾರ್ಡ್, ಅವುಗಳಿಗೆ ಹೋಲುವ ಆದರೆ ಬಿಟ್ಟು ಬಿಟ್ಟು ನೀರು ಬರುವ 8 ವಾರ್ಡ್ ಆರಿಸಿಕೊಂಡರು. ಐದು ವರ್ಷದೊಳಗಿನ ಮಕ್ಕಳಿರುವ ಸುಮಾರು 3,900 ಮನೆಗಳಿಗೆ 2010-11ರಲ್ಲಿ ಹೋಗಿ ವಿಚಾರಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು.

ಅವರಿಗೆ ಸಿಕ್ಕಿದ್ದು ಏನು? ಸದಾ ನೀರು ಬರುವ ಕಡೆ ನೀರು ಹೆಚ್ಚು ಶುದ್ಧವಾಗಿತ್ತು. ಹಾಗಾದರೆ ಮಕ್ಕಳ ಭೇದಿಯೂ ಕಡಿಮೆಯಾಗಿರಬೇಕು ಅಲ್ವಾ? ಒಟ್ಟಾರೆ ನೋಡಿದರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡವರ ಮನೆಗಳನ್ನು ಬೇರೆ ಮಾಡಿ ನೋಡಿದಾಗ ರಕ್ತಭೇದಿ ಕಡಿಮೆ ಇತ್ತು. ಟೈಫಾಯಿಡ್ ಬಂದ ಮನೆಗಳೂ ಕಡಿಮೆ ಇದ್ದವು.

ಇಲ್ಲಿ ಪೈಪಿನ ಒತ್ತಡ ತಿಳಿದ ಎಂಜಿನಿಯರ್ ಬೇಕು. ನೀರಿನ ಸೂಕ್ಷ್ಮಜೀವಿ ಪರೀಕ್ಷಿಸುವವರು ಬೇಕು. ರೋಗದ ಲೆಕ್ಕ ಹಾಕುವವರು ಬೇಕು. ಬಡವರ ಮನೆಯನ್ನು ಬೇರೆ ಮಾಡಿ ನೋಡಬೇಕು ಅಂತ ಹೇಳುವ ಸಮಾಜಶಾಸ್ತ್ರದ ಕಣ್ಣೂ ಬೇಕು. ಈ ನಾಲ್ಕರಲ್ಲಿ ಒಂದನ್ನು ಬಿಟ್ಟಿದ್ದರೂ ಉತ್ತರ ಅರ್ಧ ಆಗುತ್ತಿತ್ತು, ಅಥವಾ ತಪ್ಪೇ ಆಗುತ್ತಿತ್ತು.

ಶೀರ್ಷಿಕೆಯಲ್ಲಿ ಎರಡು ವಿಭಾಗದ ಹೆಸರು ಇದ್ದರೆ ಸಾಕಾ?

ಸಾಲದು. "ಹಾವೇರಿ ಜಿಲ್ಲೆಯ ಶಿಕ್ಷಣ ಮತ್ತು ಕೃಷಿ: ಒಂದು ಅಧ್ಯಯನ" ಅಂತ ಬರೆದು, ಮೊದಲ ಮೂರು ಅಧ್ಯಾಯ ಶಿಕ್ಷಣ, ಮುಂದಿನ ಮೂರು ಅಧ್ಯಾಯ ಕೃಷಿ ಅಂತ ಹಂಚಿದರೆ ಅದು ಎರಡು ಪ್ರಬಂಧ, ಒಂದೇ ರಟ್ಟು. ಎರಡೂ ವಿಷಯ ಒಂದೇ ಪ್ರಶ್ನೆಯಲ್ಲಿ ಕೂಡಬೇಕು.

ಅಂಥ ಪ್ರಶ್ನೆ ಎಲ್ಲಿ ಸಿಗುತ್ತದೆ? ನಮ್ಮ ಕಡೆ ಮಾಡುವಂಥದ್ದು ಏನಿದೆ?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಉತ್ಸಾಹ ಬರುತ್ತದೆ. ವಿಷಯ ಹುಡುಕಲು ದೂರ ಹೋಗುವ ಅಗತ್ಯವೇ ಇಲ್ಲ.

ಬ್ಯಾಡಗಿಗೆ ಹೋಗಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣದ ಸಾರ ತೆಗೆದು ಲಿಪ್‌ಸ್ಟಿಕ್‌ಗೂ, ಆಹಾರದ ಬಣ್ಣಕ್ಕೂ ಬಳಸುತ್ತಾರೆ. ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಸುಗ್ಗಿಯಲ್ಲಿ ನೂರಾರು ಹೆಣ್ಣುಮಕ್ಕಳು ಕೂಡುತ್ತಾರೆ. ದಿನವಿಡೀ ಘಾಟಿನಲ್ಲಿ ಕೂತವರ ಕಣ್ಣು, ಚರ್ಮ, ಉಸಿರಾಟ ಹೇಗಿದೆ? ಅವರ ಮಕ್ಕಳ ಶಾಲೆಯ ಹಾಜರಿ ಆ ತಿಂಗಳುಗಳಲ್ಲಿ ಬದಲಾಗುತ್ತದಾ? ಕೂಲಿ ಯಾವ ಲೆಕ್ಕದಲ್ಲಿ, ದಿನಕ್ಕೋ ಕಿಲೋಗೋ? ವೈದ್ಯಕೀಯ, ಶಿಕ್ಷಣ, ಅರ್ಥಶಾಸ್ತ್ರ ಮೂರೂ ಒಂದೇ ಅಂಗಳದಲ್ಲಿ ಕೂತಿವೆ.

ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆಯಿಂದ ಜನ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ತಾಯಿ-ತಂದೆ ಹೋದಾಗ ಮಗು ಅಜ್ಜಿಯ ಹತ್ತಿರ ಉಳಿಯುತ್ತದಾ, ಜೊತೆಗೆ ಹೋಗುತ್ತದಾ? ಹೋದರೆ ಅಲ್ಲಿ ಯಾವ ಭಾಷೆಯಲ್ಲಿ ಓದುತ್ತದೆ? ತಿರುಗಿ ಬಂದಾಗ ಯಾವ ತರಗತಿಯಲ್ಲಿ ಕೂರುತ್ತದೆ? ಮಳೆಯ ಲೆಕ್ಕ, ಸಾಲದ ಲೆಕ್ಕ, ಶಾಲೆಯ ರಿಜಿಸ್ಟರ್ ಮೂರನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಇದು ತಿಳಿಯುತ್ತದೆ.

ಗದಗ, ಹಾವೇರಿಯ ಲಂಬಾಣಿ ತಾಂಡಾಗಳ ಮಕ್ಕಳು ಮನೆಯಲ್ಲಿ ಒಂದು ಭಾಷೆ ಆಡುತ್ತಾರೆ, ಒಂದನೇ ತರಗತಿಯಲ್ಲಿ ಇನ್ನೊಂದು ಭಾಷೆ ಎದುರಾಗುತ್ತದೆ. ಮಗುವಿಗೆ ಲೆಕ್ಕ ಬರುತ್ತಿಲ್ಲವೋ, ಲೆಕ್ಕದ ಪ್ರಶ್ನೆಯ ಭಾಷೆ ತಿಳಿಯುತ್ತಿಲ್ಲವೋ? ಭಾಷಾವಿಜ್ಞಾನದವರು ಮತ್ತು ಗಣಿತದ ಶಿಕ್ಷಕರು ಒಟ್ಟಿಗೆ ಕೂತರೆ ಎಷ್ಟು ಬೆಲೆಬಾಳುವ ಕೆಲಸ ಆಗುತ್ತದೆ, ಯೋಚಿಸಿ.

ಇನ್ನು ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿ.ಮೀ. ಓಡುವ ಚಿಗರಿ ಬಸ್ಸು, ಅಂದರೆ ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡುವ ವೇಗದ ಬಸ್ಸು. 2018ರಲ್ಲಿ ಓಡಾಟ ಶುರುವಾಯಿತು. ಅದರಿಂದ ಕಾಲೇಜಿಗೆ ಹೋಗುವ ಹುಡುಗಿಯರ ಓಡಾಟ ಬದಲಾಗಿದೆಯಾ? ರಸ್ತೆ ಬದಿಯ ಅಂಗಡಿಕಾರರ ವ್ಯಾಪಾರ ಏನಾಯಿತು? ನವನಗರ, ಉಣಕಲ್ ಕಡೆ ರಸ್ತೆ ದಾಟುವ ವಯಸ್ಸಾದವರಿಗೆ ಎಷ್ಟು ತ್ರಾಸು?

ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಅದನ್ನು ಗುರುತಿಸುತ್ತಾರೆ. ವಾಣಿಜ್ಯ ಓದಿದವರು, ಇತಿಹಾಸ ಓದಿದವರು ಜೊತೆಯಾಗಿ ಆ ಭಾಗದ ಹಳ್ಳಿಗಳ ಸಾಲದ ಕಥೆಯನ್ನು ಬಿಡಿಸಬಹುದು. ಅಂದು ಸಂಘ ಯಾರಿಗೆ ಸಾಲ ಕೊಡುತ್ತಿತ್ತು, ಇಂದು ಹೆಣ್ಣುಮಕ್ಕಳ ಸ್ವಸಹಾಯ ಗುಂಪಿಗೆ ಯಾರು ಕೊಡುತ್ತಾರೆ ಅನ್ನುವ ತನಕ.

ನಾನು ಪ್ರಾಥಮಿಕ ಶಾಲೆಯ ಟೀಚರ್. ನನಗೆ ಪಿಎಚ್.ಡಿ. ಇಲ್ಲ. ನಾನೂ ಸಂಶೋಧನೆ ಮಾಡಬಹುದಾ?

ಖಂಡಿತ. ನಿಮ್ಮ ಹತ್ತಿರ ಇರುವಂಥ ಮಾಹಿತಿ ಯಾವ ಪ್ರೊಫೆಸರ್ ಹತ್ತಿರವೂ ಇಲ್ಲ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿದೆ. ಯಾವ ಮಗು ಯಾವ ಸಂತೆಯ ದಿನ ಬರುವುದಿಲ್ಲ ಅಂತ ನಿಮಗೆ ಗೊತ್ತು. ತರಗತಿಯ ಒಂದು ತೊಂದರೆ ಹಿಡಿದು, ಒಂದು ಬದಲಾವಣೆ ಮಾಡಿ, ಮೊದಲು ಹೇಗಿತ್ತು ಆಮೇಲೆ ಹೇಗಾಯಿತು ಅಂತ ಬರೆದಿಡುವುದಕ್ಕೆ ಕ್ರಿಯಾ ಸಂಶೋಧನೆ ಅನ್ನುತ್ತಾರೆ. ಡಯಟ್‌ನವರು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದಕ್ಕೆ ದಾರಿ ತೋರಿಸುತ್ತಾರೆ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ನೀವು ಮೂವರೂ ಒಂದೇ ಮಗುವನ್ನು ಬೇರೆ ಬೇರೆ ಪುಸ್ತಕದಲ್ಲಿ ಬರೆದಿಟ್ಟಿರುತ್ತೀರಿ. ಆ ಮೂರು ಪುಸ್ತಕ ಒಮ್ಮೆಯಾದರೂ ಒಂದೇ ಮೇಜಿನ ಮೇಲೆ ಬರಲಿ ಅನ್ನುವುದು ನನ್ನ ಬಹಳ ದಿನದ ಆಸೆ.

ಪಿಎಚ್.ಡಿ. ಸೇರಲು ಏನು ಬೇಕು? ಎಷ್ಟು ವರ್ಷ?

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನವೆಂಬರ್‌ನಲ್ಲಿ ಹೊಸ ನಿಯಮ ತಂದಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಬೇಕು. ಮೀಸಲಾತಿ ಇರುವವರಿಗೆ ಶೇ. 5ರ ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿ ಮಾಡಿದವರು ಶೇ. 75 ತೆಗೆದಿದ್ದರೆ ಸ್ನಾತಕೋತ್ತರ ಪದವಿ ಇಲ್ಲದೆಯೂ ಸೇರಬಹುದು. ಕನಿಷ್ಠ ಅವಧಿ ಕೋರ್ಸ್‌ವರ್ಕ್ (ಮೊದಲು ಓದಬೇಕಾದ ಪಾಠಗಳು) ಸೇರಿ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗುತ್ತದೆ. ಮಹಿಳೆಯರಿಗೆ, ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷ. ಹೆರಿಗೆ, ಮಗುವಿನ ಆರೈಕೆಗೆ 240 ದಿನದ ತನಕ ರಜೆ ಇದೆ. ಇದು ಬಹಳ ಜನ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ಕೇಳಿ ಪಡೆಯಿರಿ.

ಕೆಲಸ ಮಾಡುತ್ತಲೇ ಅರೆಕಾಲಿಕವಾಗಿಯೂ ಮಾಡಬಹುದು. ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಎಂ.ಫಿಲ್. ಈಗ ಇಲ್ಲ.

ನನ್ನ ಗೈಡ್ ಶಿಕ್ಷಣ ವಿಭಾಗದವರು. ನನ್ನ ವಿಷಯದಲ್ಲಿ ಕೃಷಿಯೂ ಇದೆ. ಏನು ಮಾಡಲಿ?

ಬೇರೆ ವಿಭಾಗದ ಸಹ-ಮಾರ್ಗದರ್ಶಕರನ್ನು ಸೇರಿಸಿಕೊಳ್ಳಲು ಅವಕಾಶ ಇದೆ. ಸಿನಾಪ್ಸಿಸ್ (ಸಂಶೋಧನೆಯ ಚಿಕ್ಕ ರೂಪುರೇಷೆ) ಕೊಡುವ ಮೊದಲೇ ಇದನ್ನು ಗೈಡ್ ಜೊತೆ ಮಾತಾಡಿ ಮುಗಿಸಿ. ಮೂರನೇ ವರ್ಷದಲ್ಲಿ ಎತ್ತಿದರೆ ಎಲ್ಲರಿಗೂ ಇರುಸುಮುರುಸು.

ಯಾರನ್ನು, ಎಲ್ಲಿ ಹೋಗಿ ಕೇಳಬೇಕು?

ನಮ್ಮ ಭಾಗಕ್ಕೆ ಈ ವಿಷಯದಲ್ಲಿ ದೊಡ್ಡ ಭಾಗ್ಯ ಇದೆ. ಒಂದು ಗಂಟೆ, ಒಂದೂವರೆ ಗಂಟೆಯ ಬಸ್ ಪ್ರಯಾಣದೊಳಗೆ ಎಷ್ಟೊಂದು ಸಂಸ್ಥೆ!

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರದ್ದು. ಸಮಾಜಶಾಸ್ತ್ರ, ಮಾನವಶಾಸ್ತ್ರ, ಶಿಕ್ಷಣ, ಅಂಕಿಅಂಶ ಶಾಸ್ತ್ರ ಎಲ್ಲ ಒಂದೇ ಗುಡ್ಡದ ಮೇಲೆ ಇವೆ. ಅಲ್ಲಿಯ ಕನ್ನಡ ಸಂಶೋಧನಾ ಸಂಸ್ಥೆ ಅದಕ್ಕೂ ಹಳೆಯದು, 1939ರದ್ದು. ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಆಯಿತು. ಅಲ್ಲಿ ಬೆಳೆ, ಮಣ್ಣು ಅಷ್ಟೇ ಅಲ್ಲ, ಆಹಾರ-ಪೋಷಣೆ, ಮಕ್ಕಳ ಬೆಳವಣಿಗೆ ಬಗ್ಗೆಯೂ ಕೆಲಸ ಮಾಡುವವರಿದ್ದಾರೆ. ಶಿಕ್ಷಣದ ವಿದ್ಯಾರ್ಥಿಗಳು ಅತ್ತ ತಿರುಗಿಯೂ ನೋಡುವುದಿಲ್ಲ ಅನ್ನುವುದು ನನಗೆ ಬೇಸರ. ಮನಸ್ಸಿನ ಆರೋಗ್ಯಕ್ಕೆ ಡಿಮ್ಹಾನ್ಸ್ ಇದೆ. ಅರ್ಥಶಾಸ್ತ್ರಜ್ಞ ಪಿ.ಆರ್. ಪಂಚಮುಖಿ ಕಟ್ಟಿ ಬೆಳೆಸಿದ ಸಿಎಂಡಿಆರ್ ಕೂಡ ಧಾರವಾಡದಲ್ಲೇ ಇದೆ. ಹಲವು ಶಾಸ್ತ್ರ ಸೇರಿಸಿ ಅಭಿವೃದ್ಧಿಯನ್ನು ಅಧ್ಯಯನ ಮಾಡುವುದೇ ಆ ಸಂಸ್ಥೆಯ ಕೆಲಸ. ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಮಾನ್ಯತೆ ಇರುವ ಸಂಸ್ಥೆ ಅದು.

ಹುಬ್ಬಳ್ಳಿಯಲ್ಲಿ ಎಲ್ಲರೂ ಕಿಮ್ಸ್ ಅನ್ನುವ ಸರ್ಕಾರಿ ವೈದ್ಯಕೀಯ ಕಾಲೇಜು, ರಾಜ್ಯ ಕಾನೂನು ವಿಶ್ವವಿದ್ಯಾಲಯ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇವೆ. ಗದಗ ಹತ್ತಿರದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಹಾಡು, ಕುಣಿತ ಮಾತ್ರ ಜಾನಪದ ಅಂತ ತಿಳಿದವರು ಅಲ್ಲಿ ಹೋಗಿ ಬನ್ನಿ. ಮಳೆ ನಕ್ಷತ್ರದ ಗಾದೆ, ನಾಟಿ ಔಷಧ, ಕೂರಿಗೆ ಬಿತ್ತನೆ ಇವೆಲ್ಲ ಜನರ ಅರಿವು. ಕೃಷಿ ಸಂಶೋಧನೆಗೆ ಇವು ಬೇಕೇ ಬೇಕು.

ಹೋಗುವ ಮೊದಲು ಒಂದು ಪುಟದಲ್ಲಿ ನಿಮ್ಮ ಪ್ರಶ್ನೆ ಬರೆದುಕೊಂಡು ಹೋಗಿ. "ಸರ್, ಏನಾದರೂ ವಿಷಯ ಕೊಡಿ" ಅಂದರೆ ಯಾರೂ ಕೊಡಲಾರರು.

ಹಳೆಯ ಅಂಕಿಅಂಶ ಬಳಸುವಾಗ ಏನು ನೋಡಬೇಕು?

ಗಡಿ ನೋಡಬೇಕು. ಗದಗ ಮತ್ತು ಹಾವೇರಿ 1997ರ ತನಕ ಧಾರವಾಡ ಜಿಲ್ಲೆಯ ಒಳಗೇ ಇದ್ದವು. ಹಾಗಾಗಿ 1991ರ ಜನಗಣತಿಯ "ಧಾರವಾಡ ಜಿಲ್ಲೆ" ಬೇರೆ, 2011ರ "ಧಾರವಾಡ ಜಿಲ್ಲೆ" ಬೇರೆ. ಎರಡನ್ನೂ ನೇರವಾಗಿ ಹೋಲಿಸಿ "ಜನಸಂಖ್ಯೆ ಇಳಿಯಿತು" ಅಂತ ಬರೆದರೆ ದೊಡ್ಡ ತಪ್ಪು. ತಾಲ್ಲೂಕುವಾರು ಅಂಕಿ ತೆಗೆದು ಕೂಡಿಸಿಕೊಳ್ಳಬೇಕು. ಇತ್ತೀಚೆಗೆ ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟಿಹಳ್ಳಿ ಹೊಸ ತಾಲ್ಲೂಕುಗಳಾಗಿವೆ. ಈಗ ತಾಲ್ಲೂಕಿನ ಅಂಕಿಯನ್ನೂ ಎಚ್ಚರದಿಂದ ಹೋಲಿಸಬೇಕು.

2011ರ ಗಣತಿ ಪ್ರಕಾರ ಸಾಕ್ಷರತೆ ಧಾರವಾಡ ಜಿಲ್ಲೆಯಲ್ಲಿ ಶೇ. 80, ಹಾವೇರಿಯಲ್ಲಿ ಶೇ. 77, ಗದಗದಲ್ಲಿ ಶೇ. 75ರ ಹತ್ತಿರ. ಇದನ್ನು "ಈಗಿನ" ಸಾಕ್ಷರತೆ ಅಂತ ಬರೆಯಬೇಡಿ, ವರ್ಷ ಹಾಕಿ.

ಇನ್ನೂ ಹಿಂದಕ್ಕೆ ಹೋಗುವವರು ನೆನಪಿಡಬೇಕಾದ್ದು, 1956ರ ತನಕ ನಾವು ಮುಂಬೈ ಆಡಳಿತದಲ್ಲಿದ್ದೆವು. ಹಳೆಯ ಶಾಲೆಗಳ, ಕಂದಾಯದ ಕಾಗದ ಬಹಳಷ್ಟು ಮುಂಬೈ, ಪುಣೆಯ ದಾಖಲೆ ಭಂಡಾರದಲ್ಲಿದೆ. ಕೆಲವು ಮರಾಠಿಯಲ್ಲಿ, ಅದರ ಹಳೆಯ ಮೋಡಿ ಲಿಪಿಯಲ್ಲಿವೆ. ಸವಣೂರು ಬೇರೆಯೇ ನವಾಬರ ಸಂಸ್ಥಾನ. 1884ರ ಮುಂಬೈ ಗೆಜೆಟಿಯರ್‌ನ ಧಾರವಾಡ ಸಂಪುಟ ಒಳ್ಳೆಯ ಆರಂಭ. ಆದರೆ ಅದನ್ನು ಬರೆದವರು ಆಳುವವರು ಅನ್ನುವುದನ್ನು ಮರೆಯದೆ ಓದಬೇಕು.

ಪ್ರಶ್ನಾವಳಿ ಹೇಗೆ ಮಾಡಬೇಕು? ಗೂಗಲ್ ಫಾರ್ಮ್ ಸಾಕಾ?

ಗೂಗಲ್ ಫಾರ್ಮ್ ಕಳಿಸಿದರೆ ಉತ್ತರ ಕೊಡುವವರು ಯಾರು? ಸ್ಮಾರ್ಟ್‌ಫೋನ್ ಇರುವವರು, ಓದಲು ಬರುವವರು, ನಿಮ್ಮ ವಾಟ್ಸಾಪ್ ಗುಂಪಿನವರು. ಕಾಲೇಜು ಉಪನ್ಯಾಸಕರ ಬಗ್ಗೆ ಅಧ್ಯಯನ ಆದರೆ ನಡೆಯುತ್ತದೆ. ಗುಳೆ ಹೋದವರ ಬಗ್ಗೆ, ಕೂಲಿಯವರ ಬಗ್ಗೆ ಆದರೆ ನಡೆಯುವುದಿಲ್ಲ. ಮನೆಗೆ ಹೋಗಲೇಬೇಕು.

ಯಾವಾಗ ಹೋಗಬೇಕು ಅನ್ನುವುದೂ ಸಂಶೋಧನೆಯ ಭಾಗ. ನವಲಗುಂದ, ನರಗುಂದ, ರೋಣದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಕೊಯ್ಲಿಗೆ ಬಂದಾಗ ಹಗಲಲ್ಲಿ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸಿಕ್ಕವರು ವಯಸ್ಸಾದವರು, ಮಕ್ಕಳು. ಅವರ ಉತ್ತರವನ್ನೇ ಇಡೀ ಊರಿನ ಉತ್ತರ ಅಂದುಕೊಂಡರೆ ಆಯಿತು, ಅಧ್ಯಯನ ಅಲ್ಲಿಗೇ ಕೆಟ್ಟಿತು. ಸಂಜೆ ಹೋಗಿ. ಸಂತೆ, ಜಾತ್ರೆಯ ದಿನ ಬಿಡಿ.

ಬೀಗ ಹಾಕಿದ ಮನೆ ಕಂಡರೆ ಪಕ್ಕದ ಮನೆಗೆ ಹೋಗುವುದು ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಗುಳೆಯ ಬಗ್ಗೆ ಅಧ್ಯಯನ ಮಾಡುವವರಿಗೆ ಬೀಗ ಹಾಕಿದ ಮನೆಯೇ ಮುಖ್ಯ. ಅದನ್ನು ಬರೆದುಕೊಳ್ಳಿ, ಯಾವಾಗ ಬರುತ್ತಾರೆ ಕೇಳಿ, ಮತ್ತೆ ಹೋಗಿ. ಆಗಲೂ ಸಿಗದಿದ್ದರೆ ಎಷ್ಟು ಮನೆ ಬೀಗ ಹಾಕಿತ್ತು ಅಂತ ಪ್ರಬಂಧದಲ್ಲಿ ಹೇಳಿ.

ಕೇಳುವ ರೀತಿಯೂ ಮುಖ್ಯ. "ನಿಮ್ಮ ವಾರ್ಷಿಕ ಆದಾಯ ಎಷ್ಟು?" ಅಂದರೆ ರೈತರು ಸುಮ್ನೆ ಒಂದು ಅಂಕಿ ಹೇಳುತ್ತಾರೆ. ಎಷ್ಟು ಎಕರೆ, ಎಷ್ಟು ಗುಂಟೆ, ಸ್ವಂತದ್ದೋ ಲಾವಣಿಯೋ (ಗುತ್ತಿಗೆ), ಈ ಸಲ ಎಷ್ಟು ಚೀಲ ಬಂತು, ಎಷ್ಟಕ್ಕೆ ಹೋಯಿತು, ಬೀಜ-ಗೊಬ್ಬರಕ್ಕೆ ಎಷ್ಟಾಯಿತು ಅಂತ ಬಿಡಿಸಿ ಕೇಳಿ. ಹೆಣ್ಣುಮಕ್ಕಳನ್ನು ಗಂಡ, ಅತ್ತೆ ಎದುರಿಗೆ ಕೇಳಿದರೆ ಒಂದು ಉತ್ತರ, ಹಿತ್ತಲಲ್ಲಿ ಕೂತು ಕೇಳಿದರೆ ಇನ್ನೊಂದು. ಹಾಗಾಗಿ ತಂಡದಲ್ಲಿ ಹೆಣ್ಣುಮಕ್ಕಳು ಇರಲೇಬೇಕು.

ಇಂಗ್ಲಿಷ್‌ನಲ್ಲಿ ಪ್ರಶ್ನಾವಳಿ ಬರೆದು, ಮನೆಬಾಗಿಲಲ್ಲಿ ನಿಂತು ಬಾಯಲ್ಲಿ ಕನ್ನಡಕ್ಕೆ ತಿರುಗಿಸುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ಹತ್ತು ಜನ ಹತ್ತು ಥರ ತಿರುಗಿಸುತ್ತಾರೆ, ಉತ್ತರವೂ ಹತ್ತು ಥರ ಆಗುತ್ತದೆ. ಮೊದಲೇ ಕನ್ನಡದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಬರೆಯಿರಿ. ಉರ್ದು, ಲಂಬಾಣಿ, ಮರಾಠಿ ಆಡುವ ಮನೆಗೆ ಆ ಭಾಷೆ ಬಲ್ಲವರನ್ನು ಕರೆದುಕೊಂಡು ಹೋಗಿ. ನಿಮ್ಮ ಅಧ್ಯಯನದಲ್ಲಿ ಇಲ್ಲದ ಒಂದು ಊರಿನಲ್ಲಿ ಮೊದಲು ಕೇಳಿ ನೋಡಿ, ಎಲ್ಲಿ ಜನ ತಡವರಿಸುತ್ತಾರೋ ಆ ಪ್ರಶ್ನೆ ತಿದ್ದಿ.

ಎಷ್ಟು ಜನರನ್ನು ಕೇಳಿದರೆ ಸಾಕು?

ನಿಮ್ಮ ಪ್ರಶ್ನೆಯ ಮೇಲೆ ಹೋಗುತ್ತದೆ. ಜಿಲ್ಲೆಯಲ್ಲಿ ಶೇಕಡಾ ಎಷ್ಟು ಅಂತ ಹೇಳಬೇಕಾದರೆ ಅಂಕಿಅಂಶ ಬಲ್ಲವರ ಹತ್ತಿರ ಹೋಗಿ ಲೆಕ್ಕ ಹಾಕಿಸಿ. ಹೇಗೆ, ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಜನರ ಜೊತೆ ತುಂಬ ಹೊತ್ತು ಮಾತಾಡುವುದೇ ಸರಿ. "ಎಲ್ಲರೂ 100 ಮಾಡುತ್ತಾರೆ, ನಾನೂ 100 ಮಾಡಿದೆ" ಅನ್ನುವುದು ವೈವಾದಲ್ಲಿ (ಮೌಖಿಕ ಪರೀಕ್ಷೆ) ನಿಲ್ಲುವುದಿಲ್ಲ.

ಒಪ್ಪಿಗೆ ಪತ್ರ ನಿಜವಾಗಿಯೂ ಬೇಕಾ? ಊರವರು ಸಹಿ ಅಂದರೆ ಹೆದರುತ್ತಾರೆ.

ಒಪ್ಪಿಗೆ ಬೇಕೇ ಬೇಕು. ಸಹಿಗೆ ಹೆದರುವುದಕ್ಕೆ ಕಾರಣ ಇದೆ. ಸಾಲ, ಜಮೀನು, ಸರ್ಕಾರದ ಕಾಗದಕ್ಕೆ ಸಹಿ ಹಾಕಿ ಕಷ್ಟಪಟ್ಟ ಮನೆಗಳು ಎಷ್ಟೋ ಇವೆ. ಹಾಗಾಗಿ ಓದಿ ಹೇಳಿ, ಬಾಯಿಮಾತಿನ ಒಪ್ಪಿಗೆಯನ್ನು ಇನ್ನೊಬ್ಬರ ಎದುರಿಗೆ ಪಡೆದು, ಹಾಗೆಂದು ಬರೆದುಕೊಳ್ಳಬಹುದು. ಬೇಡ ಅನ್ನಲು ಅವರಿಗೆ ಹಕ್ಕಿದೆ ಅಂತ ಮೊದಲೇ ಹೇಳಿ. ಇದರಿಂದ ಮನೆ ಸಿಗುತ್ತದೆ, ಪಿಂಚಣಿ ಬರುತ್ತದೆ ಅನ್ನುವ ಆಸೆ ಹುಟ್ಟಿಸಬೇಡಿ. ಅದು ಅನ್ಯಾಯ.

18 ವರ್ಷದೊಳಗಿನವರಾದರೆ ತಾಯಿ-ತಂದೆಯ ಒಪ್ಪಿಗೆ ಬೇಕು. ಮುಖ್ಯೋಪಾಧ್ಯಾಯರು ಹೂಂ ಅಂದರೆ ಅದು ಶಾಲೆಯೊಳಗೆ ಬರಲು ಅನುಮತಿ ಅಷ್ಟೇ. ಮಗುವನ್ನೂ ಕೇಳಿ. ಪ್ರಬಂಧದಲ್ಲಿ ಹೆಸರು ಬದಲಿಸಿದರೂ "ಇಂಥ ಊರಿನ ಏಕೈಕ ಮಹಿಳಾ ಟ್ರ್ಯಾಕ್ಟರ್ ಚಾಲಕಿ" ಅಂತ ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಊರಿನ ಹೆಸರನ್ನೂ ಮುಚ್ಚಬೇಕಾಗಬಹುದು. ಸಂಸ್ಥೆಯ ನೈತಿಕ ಸಮಿತಿಯ ಅನುಮೋದನೆಯನ್ನು ಊರಿಗೆ ಹೋಗುವ ಮೊದಲೇ ಪಡೆಯಿರಿ.

ಮೂರು ದಿನದಲ್ಲಿ ಲೇಖನ ಪ್ರಕಟಿಸುತ್ತೇವೆ, ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೆಸೇಜ್ ಬರುತ್ತದೆ. ಕಳಿಸಬಹುದಾ?

ಬೇಡ. ನಮ್ಮ ಹುಡುಗ-ಹುಡುಗಿಯರು ಇದರಲ್ಲಿ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅತಿಥಿ ಉಪನ್ಯಾಸಕರು ತಿಂಗಳ ಸಂಬಳದಲ್ಲಿ ಒಂದು ಪಾಲು ಇಂಥವರಿಗೆ ಕಳಿಸುತ್ತಾರೆ. ಒಳ್ಳೆಯ ಕೆಲಸ ಮಾಡಿದ್ದರೂ ಅಲ್ಲಿ ಬಂದ ಮೇಲೆ ಯಾರೂ ಅದನ್ನು ನಂಬುವುದಿಲ್ಲ. ಒಮ್ಮೆ ಪ್ರಕಟವಾದದ್ದನ್ನು ಬೇರೆ ಕಡೆ ಕೊಡಲೂ ಬರುವುದಿಲ್ಲ.

ಬಹುಶಿಸ್ತೀಯ ಅನ್ನುವ ಮಾತನ್ನೇ ಇವರು ಜಾಸ್ತಿ ಬಳಸಿಕೊಳ್ಳುತ್ತಾರೆ. ಒಂದೇ ಸಂಚಿಕೆಯಲ್ಲಿ ವಚನ ಸಾಹಿತ್ಯ, ಸೌರ ಫಲಕ, ಜಿಎಸ್‌ಟಿ, ದಂತವೈದ್ಯ ಎಲ್ಲ ಇರುತ್ತದೆ. ಓದಿ ಪರೀಕ್ಷಿಸಿದವರು ಯಾರು? ಯಾರೂ ಇಲ್ಲ. ನಿಜವಾದ ಪೀರ್ ರಿವ್ಯೂಗೆ ವಾರಗಳಲ್ಲ, ತಿಂಗಳುಗಳೇ ಬೇಕು. ಇಬ್ಬರು ಮೂವರು ವಿಷಯತಜ್ಞರು ಓದಿ, ಇದು ಸರಿಯಿಲ್ಲ, ಅದು ಸಾಲದು ಅಂತ ಬರೆಯುತ್ತಾರೆ. ಅದನ್ನು ಓದುವಾಗ ಬೇಜಾರಾಗುತ್ತದೆ. ಆದರೆ ಲೇಖನ ಗಟ್ಟಿಯಾಗುವುದು ಅಲ್ಲೇ.

ಗುರುತಿಸುವುದು ಹೇಗೆ? ಓದುವ ಮೊದಲೇ ಹಣ ಕೇಳಿದರೆ ಅನುಮಾನಪಡಿ. ಒಳ್ಳೆಯ ಜರ್ನಲ್‌ಗಳಲ್ಲೂ ಕೆಲವು ಶುಲ್ಕ ತೆಗೆದುಕೊಳ್ಳುತ್ತವೆ, ಆದರೆ ಲೇಖನ ಒಪ್ಪಿದ ಮೇಲೆ, ಮೊದಲೇ ಬಹಿರಂಗವಾಗಿ ಹೇಳಿ. ಐಎಸ್‌ಎಸ್‌ಎನ್ ಇದೆ ಅಂತ ಎದೆ ತಟ್ಟಿದರೆ ಮೋಸಹೋಗಬೇಡಿ. ಅದು ಪತ್ರಿಕೆಯನ್ನು ಗುರುತಿಸುವ 8 ಅಂಕಿಯ ಸಂಖ್ಯೆ ಅಷ್ಟೇ, ಗುಣಮಟ್ಟದ ಮುದ್ರೆ ಅಲ್ಲ. "ಇಂಪ್ಯಾಕ್ಟ್ ಫ್ಯಾಕ್ಟರ್ 7" ಅಂತ ದೊಡ್ಡದಾಗಿ ಹಾಕಿದ್ದರೆ, ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನುವ ಆ ಅಂಕಿ ಯಾರು ಕೊಟ್ಟದ್ದು ನೋಡಿ. ಸಂಶೋಧಕರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಕ್ಲಾರಿವೇಟ್ ಸಂಸ್ಥೆ ಕೊಡುವುದನ್ನು. ಸಂಪಾದಕ ಮಂಡಳಿಯಲ್ಲಿರುವ ಇಬ್ಬರಿಗೆ ಇಮೇಲ್ ಮಾಡಿ ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲ ಅನ್ನುವವರೂ ಇರುತ್ತಾರೆ. ಹಳೆಯ ಸಂಚಿಕೆಯ ಎರಡು ಲೇಖನ ಓದಿ. ಓದಿದರೆ ಸಾಕು, ಗೊತ್ತಾಗುತ್ತದೆ.

ಯುಜಿಸಿ ಕೇರ್ ಪಟ್ಟಿಯಲ್ಲಿ ಇದ್ದರೆ ಆಯಿತು ಅಲ್ವಾ?

ಒಪ್ಪಬಹುದಾದ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಈಗ ಆಯಾ ವಿಶ್ವವಿದ್ಯಾಲಯವೇ ಜರ್ನಲ್‌ಗಳ ಗುಣಮಟ್ಟ ತೂಗಿ ನೋಡಬೇಕು. ನಿಮ್ಮ ವಿಶ್ವವಿದ್ಯಾಲಯದ ಈಗಿನ ನಿಯಮವನ್ನು ಸಂಶೋಧನಾ ವಿಭಾಗದಲ್ಲೇ ಕೇಳಿ, ಲಿಖಿತವಾಗಿ ಪಡೆಯಿರಿ. "ಕೇರ್ ಲಿಸ್ಟೆಡ್" ಅಂತ ಇನ್ನೂ ಜಾಹೀರಾತು ಮಾಡುವವರಿಂದ ದೂರ ಇರಿ. ಇನ್ನೊಂದು ವಿಷಯ: 2022ರ ಯುಜಿಸಿ ನಿಯಮದಲ್ಲಿ ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯ ಇಲ್ಲ. ಅವಸರಕ್ಕೆ ಬಿದ್ದು ದುಡ್ಡು ಕೊಡುವ ಮೊದಲು ಇದನ್ನು ತಿಳಿದುಕೊಳ್ಳಿ.

ಪ್ಲೇಜಿಯರಿಸಂ (ಬೇರೆಯವರ ಬರಹ ಕದಿಯುವುದು) ಎಷ್ಟು ಶೇಕಡಾ ತನಕ ನಡೆಯುತ್ತದೆ?

ಯುಜಿಸಿಯ 2018ರ ನಿಯಮ ಹೀಗಿದೆ. ಹೋಲಿಕೆ ಶೇ. 10ರ ತನಕ ಇದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ 6 ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಮೂಲ ಹೇಳಿ ಎತ್ತಿಕೊಂಡ ಉಲ್ಲೇಖ, ಗ್ರಂಥಸೂಚಿ ಇವು ಲೆಕ್ಕಕ್ಕೆ ಬರುವುದಿಲ್ಲ.

ಕನ್ನಡ ಪ್ರಬಂಧವನ್ನು ತಂತ್ರಾಂಶ ಇಂಗ್ಲಿಷ್‌ನಷ್ಟು ಚೆನ್ನಾಗಿ ಹಿಡಿಯುವುದಿಲ್ಲ ಅಂತ ಕೆಲವರು ಧೈರ್ಯ ಮಾಡುತ್ತಾರೆ. ಕನ್ನಡದ ಪ್ರಬಂಧ ಓದುವ ಪರೀಕ್ಷಕರು ಆ ವಿಷಯದ ಬಹುತೇಕ ಪುಸ್ತಕ ಓದಿರುತ್ತಾರೆ. ಯಾರ ವಾಕ್ಯ ಎಲ್ಲಿಂದ ಬಂತು ಅಂತ ಅವರಿಗೆ ಒಂದೇ ಪುಟದಲ್ಲಿ ತಿಳಿಯುತ್ತದೆ.

ಎಐ ಬಳಸಬಹುದಾ?

ಅಕ್ಷರ ತಿದ್ದಲು, ಕೋಷ್ಟಕ ಜೋಡಿಸಲು ಬಳಸಿದರೆ ಹಾಗೆಂದು ಬರೆಯಿರಿ. ಅದು ಕೊಟ್ಟ ಆಧಾರ ಗ್ರಂಥಗಳ ಪಟ್ಟಿಯನ್ನು ನೋಡದೆ ಹಾಕಬೇಡಿ. ಇಲ್ಲದ ಪುಸ್ತಕ, ಇಲ್ಲದ ಲೇಖನ ಅದರಲ್ಲಿ ಸೇರಿರುತ್ತವೆ. ಊರಿಗೆ ಹೋಗದೆ ಸಂದರ್ಶನ ಬರೆಸಿಕೊಳ್ಳುವುದು ಸಂಶೋಧನೆಯೇ ಅಲ್ಲ.

ಹಣ ಎಲ್ಲಿಂದ ಬರುತ್ತದೆ?

ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಷಿಪ್) ಆದರೆ ಮೊದಲು ತಿಂಗಳಿಗೆ 37,000 ರೂ., ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧಕರ ಫೆಲೋಷಿಪ್) ಆದಾಗ 42,000 ರೂ. 2023ರ ಜನವರಿಯಿಂದ ಈ ದರ ಇದೆ. ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ ಫೆಲೋಷಿಪ್, ಯೋಜನಾ ಸಹಾಯ ಇವೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳಲ್ಲೂ ವಿಚಾರಿಸಿ. ಅರ್ಜಿಯ ಬಜೆಟ್‌ನಲ್ಲಿ ಬಸ್ ಖರ್ಚು, ಭಾಷೆ ತಿಳಿದ ಸಹಾಯಕರ ಕೂಲಿ ಮರೆಯದೆ ಹಾಕಿ.

ಕನ್ನಡದಲ್ಲಿ ಬರೆದರೆ ಬೆಲೆ ಇದೆಯಾ?

ಇದೆ. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ ಊರು ನಮ್ಮದು. ಶಾಸನ, ವಚನ, ಊರುಗಳ ಹೆಸರು, ಇತಿಹಾಸ ಇವನ್ನೆಲ್ಲ ಒಟ್ಟಿಗೆ ಓದಿದ ಎಂ.ಎಂ. ಕಲಬುರ್ಗಿಯವರು ಇಲ್ಲಿಯೇ ಪಾಠ ಹೇಳಿದವರು, ಕನ್ನಡದಲ್ಲೇ ಬರೆದವರು. ಇಂಗ್ಲಿಷ್ ಜರ್ನಲ್‌ಗೂ ಕಳಿಸಿ, ಹೊರಗಿನ ತಜ್ಞರು ಓದಬೇಕಲ್ಲ. ಆದರೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಬಗ್ಗೆ ಬರೆದದ್ದನ್ನು ಅವರೇ ಓದಲು ಆಗದಿದ್ದರೆ ಹೇಗೆ?

ಹಾಗಾಗಿ ನಾಲ್ಕು ಪುಟದ ಕನ್ನಡ ಸಾರಾಂಶ ಮಾಡಿ. ದೊಡ್ಡ ಅಕ್ಷರ, ಚಿಕ್ಕ ವಾಕ್ಯ. ಗ್ರಾಮಸಭೆಯಲ್ಲಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿಂತು ಓದಿ. ಅಲ್ಲಿ ಯಾರಾದರೂ "ಇದು ತಪ್ಪು, ನಮ್ಮ ಓಣಿಯಲ್ಲಿ ಹಂಗಿಲ್ಲ" ಅಂತ ಎದ್ದು ಹೇಳಿದರೆ ಬರೆದುಕೊಳ್ಳಿ. ಮಹಾಪ್ರಬಂಧ ಸಲ್ಲಿಸುವ ಮೊದಲೇ ಈ ಸಭೆ ಮಾಡಿದರೆ ಆ ಮಾತು ಪ್ರಬಂಧದೊಳಗೂ ಬರುತ್ತದೆ.

ತುಂಬಿದ ಫಾರ್ಮ್, ರೆಕಾರ್ಡಿಂಗ್ ಎಲ್ಲ ಏನು ಮಾಡಲಿ?

ಹೆಸರು, ಫೋನ್ ನಂಬರ್ ಇರುವ ಹಾಳೆಯನ್ನು ಉತ್ತರದ ಹಾಳೆಯಿಂದ ಬೇರೆ ಮಾಡಿ, ಬೀಗದೊಳಗೆ ಇಡಿ. ಫೋನಿನಲ್ಲಿರುವ ರೆಕಾರ್ಡಿಂಗ್ ಕಂಪ್ಯೂಟರ್‌ಗೆ ಹಾಕಿಕೊಂಡು, ಫೋನಿನಿಂದ ಅಳಿಸಿ. ಪದವಿ ಬಂದ ಮೇಲೂ ಐದು ವರ್ಷವಾದರೂ ಇಟ್ಟುಕೊಳ್ಳಿ, ಯಾರಾದರೂ ಲೆಕ್ಕ ಕೇಳಿದರೆ ತೋರಿಸಬೇಕಲ್ಲ. ರದ್ದಿ ಅಂಗಡಿಗೆ ಮಾತ್ರ ಹಾಕಬೇಡಿ. ಜನರ ಸಾಲ, ಕಾಯಿಲೆಯ ವಿಷಯ ಬರೆದ ಹಾಳೆಯಲ್ಲಿ ನಾಳೆ ಯಾರೋ ಮಿರ್ಚಿ ಕಟ್ಟಿ ಕೊಡುವಂತಾಗಬಾರದು. ಬೇಡವಾದಾಗ ಸುಟ್ಟುಬಿಡಿ.